ಮೊದಲು ಹಿಸ್ಟರಿ, ಆಮೇಲೆ ಫೈಲು

ಫೆಬ್ರವರಿ ೫, ಸೋಮವಾರ

ಇವತ್ತು ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಆದರೂ ಬೆರಳ ತುದಿಯಲ್ಲಿ ಅಂಟು ಹಾಗೇ ಉಳಿದಿದೆ ಅನ್ನಿಸುತ್ತಿದೆ. ಅಚ್ಚಿನ ಕೋಣೆಯ ಕೀಬೋರ್ಡ್ ಮುಟ್ಟಿದ ದಿನವೆಲ್ಲ ನನ್ನ ಗತಿ ಇದೇ.

ಕಿವಿ ಮಂದವಾದವರಿಗೆ ಮೆಷಿನ್ ಕೊಡುವ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದೆಂದರೆ ಶುಭ್ರವಾದ ಕೆಲಸ ಅಂದುಕೊಂಡು ಒಂಬತ್ತು ವರ್ಷದ ಹಿಂದೆ ಸೇರಿದ್ದೆ. ಕಂಪ್ಯೂಟರೇನೋ ಶುಭ್ರವೇ. ಅದನ್ನು ಮುಟ್ಟುವವರ ಕೈ ಅಲ್ಲ. ಅಚ್ಚಿನ ಕೋಣೆಯಲ್ಲಿ ಒಬ್ಬಳಿದ್ದಾಳೆ. ಬಂದವರ ಕಿವಿಯೊಳಗೆ ಗುಲಾಬಿ ಬಣ್ಣದ ಲೇಪ ತುಂಬುತ್ತಾಳೆ, ಗಟ್ಟಿಯಾದ ಮೇಲೆ ಹೊರಗೆಳೆದು ಸ್ಕ್ಯಾನ್ ಮಾಡುತ್ತಾಳೆ, ಆ ಫೈಲನ್ನು, ಮೆಷಿನ್ ಕಿವಿಯಲ್ಲಿ ಕೂರಲು ಬೇಕಾದ ಅಚ್ಚು ತಯಾರಿಸುವ ಯಂತ್ರಕ್ಕೆ ಕಳಿಸುತ್ತಾಳೆ. ಯಂತ್ರದಿಂದ ಬಂದದ್ದನ್ನು ಉಜ್ಜಿ ನಯ ಮಾಡುವುದೂ ಅವಳೇ. ಇಪ್ಪತ್ತೆರಡು ವರ್ಷದಿಂದ ಇದೇ. ಲೇಪದ ತುದಿಗೆ ಅಂಟಿ ಬರುವ ಕಂದು ಮೇಣವನ್ನು ಉಗುರಿನಿಂದ ಕೆರೆದು, ಅದೇ ಕೈಯಲ್ಲಿ ಟೈಪ್ ಮಾಡುತ್ತಾಳೆ. ಕೈಗವಸು ಹಾಕಿದರೆ ಲೇಪದ ಹದ ತಿಳಿಯುವುದಿಲ್ಲವಂತೆ. ನಾನು ಮನಸ್ಸಿನಲ್ಲೇ ಅವಳಿಗೆ ಮೇಣದಮ್ಮ ಎಂದು ಹೆಸರಿಟ್ಟಿದ್ದೇನೆ.

ಕಿವಿಯಿಂದ ತೆಗೆದ ಆ ಲೇಪದ ತುಂಡುಗಳನ್ನು ಡಬ್ಬಿಗಳಲ್ಲಿಟ್ಟು ಕಪಾಟಿನಲ್ಲಿ ಸಾಲಾಗಿ ಜೋಡಿಸಿರುತ್ತಿದ್ದಳು. ಅಚ್ಚು ತಯಾರಾದ ಮೇಲೆ ಪಕ್ಕದಲ್ಲಿಟ್ಟು ತಾಳೆ ನೋಡಬೇಕಂತೆ. ಎಂಬತ್ತು ಜನರ ಕೊಳಕು ಕಿವಿ ಒಂದೇ ಕಪಾಟಿನಲ್ಲಿ! ಹೋದ ತಿಂಗಳು ನಾನೇ ಮ್ಯಾನೇಜರ್ ಹತ್ತಿರ ಹೋಗಿ, ಇದು ರೋಗ ಹರಡುವ ಗೂಡು ಅಂತ ಜಗಳ ಮಾಡಿದೆ. ಈಗ ಸ್ಕ್ಯಾನ್ ಆದ ದಿನವೇ ಬುಟ್ಟಿಗೆ ಎಸೆಯಬೇಕೆಂದು ಆದೇಶವಾಗಿದೆ. ಮೇಣದಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಊದಿಸಿಕೊಳ್ಳಲಿ.

ಇನ್ನು ಉಳಿದಿರುವುದು ಆ ಕೀಬೋರ್ಡ್. ದಿನಾ ಸಂಜೆ ಅಲ್ಲಿಗೆ ಹೋಗಿ ಆ ದಿನದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಡಬೇಕು. ಮಾರುದ್ದದ ಐದು ಕಮಾಂಡು. ಒಂದೊಂದು ಕಮಾಂಡು ಮುಗಿದಾಗಲೂ ಬೆರಳು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತೇನೆ.

ಫೆಬ್ರವರಿ ೬, ಮಂಗಳವಾರ

ಇವತ್ತು ಒಂದು ಜಾಣ ಕೆಲಸ ಮಾಡಿದೆ. ಬೆನ್ನು ತಟ್ಟುವವರು ಯಾರೂ ಇಲ್ಲದ್ದರಿಂದ ನಾನೇ ತಟ್ಟಿಕೊಳ್ಳುತ್ತಿದ್ದೇನೆ.

ಅಚ್ಚಿನ ಕೋಣೆಯದು ಯುನಿಕ್ಸ್ ಕಂಪ್ಯೂಟರು. ಚಿತ್ರ ಗಿತ್ರ ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಬರೆಯಬೇಕು, ಶೆಲ್ ಎಂಬುದು ಅದನ್ನು ಓದಿ ನಡೆಸುತ್ತದೆ. ಅರ್ಧ ಹೆಸರು ಬರೆದು ಟ್ಯಾಬ್ ಒತ್ತಿದರೆ ಡಿಸ್ಕಿನಲ್ಲಿರುವ ಫೈಲುಗಳನ್ನು ಹುಡುಕಿ ಉಳಿದರ್ಧವನ್ನು ಅದೇ ತುಂಬಿಸುತ್ತದೆ. ಒಂದೇ ಥರದ ಎರಡು ಫೈಲು ಇದ್ದರೆ ಟಿಣ್ ಅಂತ ಸದ್ದು ಮಾಡಿ, ಯಾವುದು ಬೇಕು ನೀನೇ ಹೇಳು ಎಂದು ನಿಂತುಬಿಡುತ್ತದೆ. ನನ್ನ ಉದ್ದುದ್ದ ಕಮಾಂಡುಗಳಿಗೆ ಇದರಿಂದ ಏನೂ ಉಪಯೋಗವಿಲ್ಲ. ಆದರೆ ಹಿಂದೆ ಬರೆದ ಕಮಾಂಡುಗಳನ್ನೆಲ್ಲ ಶೆಲ್ಲು ಹಿಸ್ಟರಿ ಎಂದು ನೆನಪಿಟ್ಟುಕೊಂಡಿರುತ್ತದಲ್ಲ. ಟ್ಯಾಬ್ ಒತ್ತಿದಾಗ ಅಲ್ಲಿಂದಲೇ ಎತ್ತಿಕೊಟ್ಟರೆ?

ಸೆಟ್ಟಿಂಗ್ ಫೈಲಿನಲ್ಲಿ ಒಂದೇ ಒಂದು ಸಾಲು ಸೇರಿಸಿದೆ. ಮೊದಲು ಹಿಸ್ಟರಿಯಲ್ಲಿ ಹುಡುಕು, ಅಲ್ಲಿ ಸಿಗದಿದ್ದರೆ ಮಾತ್ರ ಫೈಲುಗಳಲ್ಲಿ ಹುಡುಕು. ಹಿಸ್ಟರಿ ಐನೂರು ಸಾಲಿಗೆ ಮುಗಿದುಹೋಗುತ್ತಿತ್ತು, ಅದನ್ನು ಲಕ್ಷಕ್ಕೆ ಏರಿಸಿ, ಹಳೆಯ ನಕಲುಗಳಿಂದ ನಾಲ್ಕು ವರ್ಷದ್ದನ್ನು ತಂದು ಸುರಿದೆ. ಇನ್ನೂರು ಸಲ ಮುಟ್ಟಬೇಕಿದ್ದ ಕೀಬೋರ್ಡನ್ನು ಈಗ ಇಪ್ಪತ್ತು ಸಲ ಮುಟ್ಟಿದರೆ ಸಾಕು. ಅದೂ ಪೆನ್ನಿನ ಹಿಂಬದಿಯಿಂದ.

ಆ ಕಂಪ್ಯೂಟರಿಗೆ ಎಲ್ಲರದೂ ಒಂದೇ ಲಾಗಿನ್. ಮೇಣದಮ್ಮನಿಗೆ ಹೇಳಲು ಹೋಗಲಿಲ್ಲ. ಹೇಳಿದರೂ ಅವಳ ತಲೆಗೆ ಹೋಗುವಂಥದ್ದಲ್ಲ.

ಫೆಬ್ರವರಿ ೮, ಗುರುವಾರ

ಪೆನ್ನಿನಲ್ಲಿ ಕುಟುಕಿ ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಸಿ ಹೊರಡುತ್ತಿದ್ದೆ. ಮೇಣದಮ್ಮ ತಡೆದಳು.

“ಮೇಡಂ, ನಂಬರ್ ಹೊಡೆದು ಟ್ಯಾಬ್ ಒತ್ತಿದ್ರೆ ಈಗ ಪಟ್ ಅಂತ ಪೂರ್ತಿ ಬರ್ತಿದೆ. ಟಿಣ್ ಅನ್ನೋದೇ ಇಲ್ಲ. ಏನಾದ್ರೂ ಮಾಡಿದ್ರಾ?”

ಸ್ವಲ್ಪ ಚುರುಕು ಮಾಡಿದ್ದೇನೆ ಅಂದೆ. ಖುಷಿಯಾಗಿ ನನ್ನ ಕೈ ಹಿಡಿದುಕೊಳ್ಳಲು ಬಂದಳು. ಫೋನು ಬಂದವಳಂತೆ ನಟಿಸಿ ಪಾರಾದೆ. ಥೂ.

ಫೆಬ್ರವರಿ ೧೩, ಮಂಗಳವಾರ

ಆಫೀಸಿನಲ್ಲಿ ಕಿವಿ, ಮನೆಗೆ ಬಂದರೂ ಕಿವಿ. ಮಾವನ ಮೆಷಿನ್ ಒಂದು ತಿಂಗಳಿನಿಂದ ಕುಯ್ಯೋ ಅನ್ನುತ್ತಿದೆ. ಮೂರು ವರ್ಷದ ಹಿಂದೆ ನಮ್ಮ ಕೇಂದ್ರದಲ್ಲೇ ಮಾಡಿಸಿದ ಅಚ್ಚು. ಚಳಿಗಾಲದ ಜ್ವರದಲ್ಲಿ ಅವರು ಇಳಿದುಹೋದ ಮೇಲೆ ಅದು ಕಿವಿಯಲ್ಲಿ ನಿಲ್ಲುತ್ತಿಲ್ಲ. ಮೊದಲಿನಿಂದಲೂ ಊಟದ ನಡುವೆ ಅದನ್ನು ತೆಗೆದು, ಒರೆಸಿ, ತಟ್ಟೆಯ ಪಕ್ಕದಲ್ಲಿ ಇಡುತ್ತಾರೆ. ಮೇಣದ ಸಮೇತ. ನಾನು ಥೂ ಅನ್ನುತ್ತೇನೆ. ಅವರಿಗೆ ಹೇಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಇವತ್ತು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮೇಣದಮ್ಮನ ಮುಂದೆ ಕೂರಿಸಿದೆ. ಬಲಗಿವಿ, ಅದೇ ಹಳೆಯ ನಂಬರ್ ೩೧೪. ಲೇಪ ತುಂಬುವಾಗ ನಾನು ಕಿಟಕಿಯ ಕಡೆ ತಿರುಗಿ ನಿಂತಿದ್ದೆ. ಅವರಿಬ್ಬರೂ ಬಹಳ ದಿನದ ಸ್ನೇಹಿತರ ಹಾಗೆ ಹರಟಿದರು. ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು, ಕೈಕೆಲಸದವರನ್ನು ಕಂಡರೆ ಅರಳಿಬಿಡುತ್ತಾರೆ.

ಫೆಬ್ರವರಿ ೨೦, ಮಂಗಳವಾರ

ಹೊಸ ಅಚ್ಚು ಬಂತು. ಇದೂ ಕುಯ್ಯೋ ಅನ್ನುತ್ತಿದೆ!

“ಇದು ನನ್ನ ಕಿವಿ ಅಲ್ಲಮ್ಮ” ಅಂದರು ಮಾವ. ಇನ್ಯಾರದು ಅಂತ ಕೇಳಿದೆ. ಹೆಬ್ಬೆರಳಿನಿಂದ ಅದನ್ನು ಒಳಕ್ಕೆ ತಿರುಚುತ್ತ ಕುಳಿತರು. ವಯಸ್ಸಾದವರಿಗೆ ದೂರುವುದೇ ಒಂದು ಹವ್ಯಾಸ. ನಾಲ್ಕು ದಿನ ಹಾಕಿಕೊಂಡರೆ ಒಗ್ಗುತ್ತದೆ ಎಂದು ಕೂಗಿ ಹೇಳಿ ಬಂದೆ.

ಫೆಬ್ರವರಿ ೨೭, ಮಂಗಳವಾರ

ಆರು ಜನ ಅಚ್ಚು ವಾಪಸು ತಂದಿದ್ದಾರೆ. ಸಡಿಲ, ಬಿಗಿ, ಒತ್ತುತ್ತದೆ, ಬೀಳುತ್ತದೆ. ಮೇಣದಮ್ಮ ಇಡೀ ದಿನ ಉಜ್ಜುವ ಚಕ್ರದ ಮುಂದೆ ಕೂತು ಒಂದೊಂದನ್ನೂ ತಿದ್ದುತ್ತಿದ್ದಳು. ಬಿಳಿ ಪುಡಿ ಹಾರಿ ಕೀಬೋರ್ಡಿನ ಮೇಲೆ ಒಂದು ಪದರ ಕೂತಿದೆ. ಬೇಕಾಬಿಟ್ಟಿ ಕೆಲಸ ಮಾಡಿದರೆ ಹೀಗೇ ಆಗುವುದು.

ಮಾರ್ಚ್ ೧, ಶುಕ್ರವಾರ

ವಾಪಸು ಬಂದ ಅಚ್ಚು ಒಂಬತ್ತಾಯಿತು. ಪೆನ್ನಿನ ಹಿಂಬದಿಯೂ ಅಂಟು ಅಂಟಾಗಿದೆ. ಬಿಸಾಡಿದೆ.

ಮಾರ್ಚ್ ೫, ಮಂಗಳವಾರ

ಮ್ಯಾನೇಜರ್ ಕರೆಸಿದರು. ಅವರು ಮೇಜಿನ ಮೇಲಿನ ಕಾಗದಗಳನ್ನು ಯಾವಾಗಲೂ ಅಂಚಿಗೆ ಅಂಚು ಸೇರಿಸಿ ಇಡುವ ಮನುಷ್ಯ. ದೂರು ಹನ್ನೊಂದಾಗಿದೆ, ತಪ್ಪು ಯಂತ್ರದ್ದೋ ಕೈಯದ್ದೋ ತಿಳಿಯಬೇಕು, ನೀವು ಬರೆದುಕೊಡಿ ಅಂದರು.

ಸ್ಕ್ಯಾನರ್ ನೋಡಿದೆ, ಸರಿ ಇದೆ. ಅಚ್ಚಿನ ಯಂತ್ರ ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. “ಕಂಪ್ಯೂಟರ್ ಮತ್ತು ಯಂತ್ರಗಳಲ್ಲಿ ಯಾವುದೇ ದೋಷವಿಲ್ಲ” ಎಂದು ಬರೆದು ಸಹಿ ಹಾಕಿದೆ. ಅಂದರೆ ತಪ್ಪು ಯಾರದು ಎಂದು ಬೇರೆ ಬರೆಯಬೇಕಾಗಿಲ್ಲ. ನನಗೇನೂ ಅನ್ನಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ ಅಷ್ಟೆ.

ಮಾರ್ಚ್ ೧೧, ಸೋಮವಾರ

ಮಾವನ ಕಿವಿ ಹುಣ್ಣಾಗಿದೆ. ನಿಲ್ಲದ ಅಚ್ಚನ್ನು ದಿನಾ ತಿರುಚಿ ತಿರುಚಿ ಒತ್ತಿ ಚರ್ಮ ಸುಲಿದುಕೊಂಡಿದ್ದಾರೆ. ದಿಂಬಿನ ಮೇಲೆ ಹಳದಿ ಕಲೆ. ಗಂಡನಿಗೆ ಹೇಳಿದರೆ, ಸ್ವಂತ ಅಪ್ಪನ ಕಿವಿ, “ನಿನಗೆ ತಾನೆ ಅಭ್ಯಾಸ ಇರೋದು” ಎಂದು ಪೇಪರಿನ ಹಿಂದೆ ಅವಿತುಕೊಂಡರು. ನನಗೆಂಥ ಅಭ್ಯಾಸ! ಕೇಂದ್ರದಲ್ಲಿ ನಾನು ಕಿವಿ ಮುಟ್ಟಿದ್ದೇ ಇಲ್ಲ.

ಮುಖ ಆಚೆ ತಿರುಗಿಸಿ, ಎರಡೇ ಬೆರಳಲ್ಲಿ ಹತ್ತಿ ಹಿಡಿದು ಔಷಧಿ ಹಚ್ಚಿದೆ. ಕಣ್ಣು ಬಿಟ್ಟುಕೊಂಡು ಮಾಡಿದ್ದರೆ ಅವರಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಉಸಿರೆಳೆದುಕೊಂಡರು.

ಮಾರ್ಚ್ ೧೪, ಗುರುವಾರ

ತೀರ್ಮಾನವಾಯಿತು. ಈ ತಿಂಗಳ ಕೊನೆಗೆ ಅಚ್ಚಿನ ಕೋಣೆ ಮುಚ್ಚುತ್ತದೆ, ಅಚ್ಚುಗಳನ್ನು ಹೊರಗಿನಿಂದ ತರಿಸುತ್ತಾರೆ. ಅವಳಿಗೆ ಪತ್ರ ಕೊಟ್ಟಾಗಿದೆ. ಪತ್ರಕ್ಕೆ ನನ್ನ ವರದಿಯ ನಕಲನ್ನೂ ಪಿನ್ ಮಾಡಿದ್ದಾರೆ.

ಸಂಜೆ ನಕಲು ಮಾಡಲು ಹೋದಾಗ ಅವಳು ಸುಮ್ಮನೆ ಕೂತಿದ್ದಳು. ನನ್ನ ಮೇಲೆ ಹರಿಹಾಯುತ್ತಾಳೆ ಅಂದುಕೊಂಡಿದ್ದೆ, ಅದಕ್ಕೆ ತಕ್ಕ ಉತ್ತರವನ್ನೂ ಸಿದ್ಧ ಮಾಡಿಕೊಂಡು ಹೋಗಿದ್ದೆ.

“ಯಂತ್ರ ಸರಿ ಇದೆ ಅಂದ್ರೆ ನನ್ನ ಕೈಗೇ ಏನೋ ಆಗಿದೆ ಮೇಡಂ” ಅಂದಳು. “ನಿನ್ನೆ ನನ್ನ ಕಿವಿಗೇ ಲೇಪ ಹಾಕ್ಕೊಂಡು ನೋಡಿದೆ. ಸರಿಯಾಗೇ ಬಂತು. ಸರಿಯಾಗಿ ಬಂತು ಅನ್ನೋದನ್ನೂ ಈಗ ನಂಬೋಕೆ ಆಗ್ತಿಲ್ಲ.”

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ನಾಲ್ಕು ನಿಮಿಷದ ಕೆಲಸಕ್ಕೆ ಎಂಟು ನಿಮಿಷ ಹಿಡಿಯಿತು.

ಮಾರ್ಚ್ ೧೭, ಭಾನುವಾರ

ಬೆಳಿಗ್ಗೆ ಔಷಧಿ ಹಚ್ಚಲು ಹೋದರೆ ಮಾವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಣ್ಣಿಗೆ ಹಳೆಯ ಗಡಿಯಾರದ ಮಸೂರ ಸಿಕ್ಕಿಸಿಕೊಂಡು ಕೂತಿದ್ದರು. ಮುಂದೆ ಎರಡು ಅಚ್ಚು. ಒಂದು ಮೂರು ವರ್ಷದ ಹಿಂದಿನದು, ಇನ್ನೊಂದು ಹೋದ ತಿಂಗಳದು. ಮಸೂರ ನನ್ನ ಕೈಗೆ ಕೊಟ್ಟು ನೋಡು ಅಂದರು.

ಹಳೆಯದರ ತುದಿಯಲ್ಲಿ ಎಳ್ಳುಕಾಳಿನಷ್ಟು ಒಂದು ತಗ್ಗಿದೆ. ಲೇಪದಲ್ಲಿ ಗಾಳಿಗುಳ್ಳೆ ಸೇರಿಕೊಂಡರೆ ಹಾಗಾಗುತ್ತದಂತೆ, ಆಗಲೇ ಅಚ್ಚಿನ ಕೋಣೆಯ ಅವರ ಸ್ನೇಹಿತೆ ಹೇಳಿದ್ದಳಂತೆ. ಹೊಸದರಲ್ಲೂ ಅದೇ ತಗ್ಗು. ಅದೇ ಜಾಗ, ಅದೇ ಅಳತೆ.

“ಬೇರೆ ಬೇರೆ ದಿನ ತೆಗೆದದ್ದರಲ್ಲಿ ಒಂದೇ ಗುಳ್ಳೆ ಬರಲ್ಲಮ್ಮ. ಇದು ನನ್ನ ಹಳೇ ಕಿವಿ.”

ಮಸೂರಕ್ಕೆ ಮೇಣ ಅಂಟಿತ್ತು. ಬಹಳ ಹೊತ್ತು ನೋಡಿದೆ.

ಮಾರ್ಚ್ ೧೮, ಸೋಮವಾರ

ಎಲ್ಲರಿಗಿಂತ ಮುಂಚೆ ಹೋಗಿ ಅಚ್ಚಿನ ಕೋಣೆಯ ಬಾಗಿಲು ತೆಗೆಸಿದೆ. ಹಿಸ್ಟರಿಯಲ್ಲಿ ೩೧೪ ಹುಡುಕಿದೆ. ಫೆಬ್ರವರಿ ೧೪ರ ಬೆಳಿಗ್ಗೆ ಯಂತ್ರಕ್ಕೆ ಹೋದ ಫೈಲಿನ ಹೆಸರಿನಲ್ಲಿ ಮೂರು ವರ್ಷದ ಹಿಂದಿನ ತಾರೀಖಿದೆ. ಹಿಂದಿನ ದಿನ ತೆಗೆದ ಹೊಸ ಫೈಲು ಡಿಸ್ಕಿನಲ್ಲಿ ತಣ್ಣಗೆ ಬಿದ್ದುಕೊಂಡಿದೆ. ಅದನ್ನು ಯಾರೂ ಕಳಿಸಿಯೇ ಇಲ್ಲ.

ಅವಳು ಇಷ್ಟು ವರ್ಷದಿಂದ ಮಾಡುವುದು ಇಷ್ಟೆ. ನಂಬರ್ ಹೊಡೆದು ಟ್ಯಾಬ್ ಒತ್ತುವುದು. ಹೊಸಬರಾದರೆ ಒಂದೇ ಫೈಲು, ತುಂಬಿಕೊಳ್ಳುತ್ತದೆ. ಹಳಬರಾದರೆ ಅದೇ ನಂಬರಿಗೆ ಹಳೆಯ ಮತ್ತು ಹೊಸ ತಾರೀಖಿನ ಎರಡು ಫೈಲು, ಟಿಣ್ ಅಂತ ನಿಲ್ಲುತ್ತದೆ, ಆಗ ಕನ್ನಡಕ ಹಾಕಿಕೊಂಡು ಹೊಸ ತಾರೀಖು ಆರಿಸುವುದು. ನಾನು ಬರೆದ ಸಾಲು ಮೊದಲು ಹಿಸ್ಟರಿ ನೋಡು ಅನ್ನುತ್ತದೆ. ಹಿಸ್ಟರಿಯಲ್ಲಿ ನಾನೇ ತಂದು ಸುರಿದ ನಾಲ್ಕು ವರ್ಷದ ಹೆಸರುಗಳಿವೆ. ಹಳಬರ ನಂಬರ್ ಹೊಡೆದರೆ ಹಳೆಯ ಹೆಸರೇ ಪಟ್ ಅಂತ ಬಂದು ಕೂರುತ್ತದೆ, ಟಿಣ್ ಅನ್ನುವುದಿಲ್ಲ. ಅವಳು ಬಂದು ಹೇಳಿದಳು. ಟಿಣ್ ಅನ್ನುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದಳು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ದೂರುಗಳನ್ನು ತಾಳೆ ನೋಡಿದೆ. ಈಗ ಹದಿನಾಲ್ಕು. ಹದಿನಾಲ್ಕೂ ಹಳಬರು. ಹೊಸಬರದು ಒಂದೂ ಇಲ್ಲ.

ಲೇಪದ ಡಬ್ಬಿಗಳು ಕಪಾಟಿನಲ್ಲಿ ಇದ್ದಿದ್ದರೆ ಮೊದಲ ದಿನವೇ ಪಕ್ಕದಲ್ಲಿಟ್ಟು ನೋಡಿ ಹಿಡಿದುಬಿಡುತ್ತಿದ್ದಳು. ಅದನ್ನೂ ಎಸೆಸಿದವಳು ನಾನೇ.

ಆ ಸಾಲು ಅಳಿಸಿ ಮೊದಲಿನಂತೆ ಮಾಡಿದೆ. ೩೧೪ ಹೊಡೆದು ಟ್ಯಾಬ್ ಒತ್ತಿದೆ. ಟಿಣ್ ಅಂದಿತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಕನ್ನಡಿಯಲ್ಲಿ ಕಂಡವಳಷ್ಟು ಅಸಹ್ಯದ ಹೆಂಗಸನ್ನು ನಾನು ಕಂಡಿಲ್ಲ.

ಯಾರಿಗೂ ಹೇಳಲಿಲ್ಲ. ಇನ್ನು ಮೇಲೆ ದೂರು ಬರುವುದಿಲ್ಲ, ತಾನಾಗಿಯೇ ಸರಿಹೋಗುತ್ತದೆ, ಅವರೇ ಪತ್ರ ವಾಪಸು ತೆಗೆದುಕೊಳ್ಳುತ್ತಾರೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಮಾರ್ಚ್ ೧೯, ಮಂಗಳವಾರ

ಹೇಳಲಿಲ್ಲ. ಅಚ್ಚಿನ ಕೋಣೆಯಲ್ಲಿ ಅವರು ತಮ್ಮ ಲೇಪದ ಚಮಚ, ಬ್ರಷ್ಷು, ಉಜ್ಜುವ ಕಡ್ಡಿಗಳನ್ನು ತೊಳೆದು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದರು.

ಮಾರ್ಚ್ ೨೦, ಬುಧವಾರ

ಮೊದಲು ಅಚ್ಚಿನ ಕೋಣೆಯ ಅಕ್ಕನಿಗೆ ಹೇಳಿದೆ. ಮ್ಯಾನೇಜರ್ ಹತ್ತಿರ ನೇರವಾಗಿ ಹೋಗುವುದು ಸುಲಭವಿತ್ತು, ಆದರೆ ಅದು ಸರಿಯಲ್ಲ ಅನ್ನಿಸಿತು. ಪರದೆಯ ಮುಂದೆ ಕೂರಿಸಿ ಆ ಸಾಲನ್ನು ಮತ್ತೆ ಬರೆದು ತೋರಿಸಿದೆ, ಅಳಿಸಿ ತೋರಿಸಿದೆ. ಯಾಕೆ ಬರೆದೆ ಎಂದು ಕೇಳಿದರು. ನಿಮ್ಮ ಕೀಬೋರ್ಡ್ ಮುಟ್ಟಲು ಹೇಸಿಗೆಯಾಗುತ್ತಿತ್ತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಸಲ ಹೇಳುವುದು ಅಷ್ಟು ಸುಲಭವಾಗಲಿಲ್ಲ.

ಅವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

“ಹಾಗಾದ್ರೆ ನನ್ನ ಕೈ ಸರಿ ಇದೆ.”

“ಸರಿ ಇದೆ ಅಕ್ಕ.”

“ಒಂದು ತಿಂಗಳು ಮೇಡಂ. ಒಂದು ತಿಂಗಳಿಂದ ಮನೇಲಿ ಲೋಟ ಎತ್ತೋಕೂ ಹೆದರ್ತಿದ್ದೆ ನಾನು.”

ಬೈದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರನ್ನು ಅಚ್ಚಿನ ಕೋಣೆಗೇ ಕರೆತಂದು ತೋರಿಸಿದೆ. ಹದಿನಾಲ್ಕು ನಂಬರ್, ಹದಿನಾಲ್ಕು ಹಳೆಯ ತಾರೀಖು. ಬೆರಳಿನಿಂದಲೇ ಟೈಪ್ ಮಾಡಿದೆ, ಪೆನ್ನಿನ ನೆನಪಾಗಲಿಲ್ಲ. ಆದರೂ ಕಳಿಸುವ ಮುಂಚೆ ತಾರೀಖು ನೋಡಬೇಕಿತ್ತಲ್ಲ ಎಂದು ಅವರು ಅಕ್ಕನ ಕಡೆ ತಿರುಗಿದರು. ನೋಡಬೇಕಿತ್ತು, ಟಿಣ್ ಅನ್ನುತ್ತದೆ ಎಂದು ನಂಬಿದ್ದೆ ಅಂದರು ಅಕ್ಕ. ಆ ನಂಬಿಕೆ ಕೆಡಿಸಿದ್ದು ನಾನು, ಪರದೆಯ ಅಕ್ಷರ ಅಷ್ಟು ಸಣ್ಣದಾಗಿಟ್ಟವಳೂ ನಾನು, ವರದಿಯಲ್ಲಿ ದೋಷವಿಲ್ಲ ಎಂದು ಸಹಿ ಹಾಕಿದವಳೂ ನಾನು ಎಂದೆ. ಹೇಳುತ್ತಾ ಹೋದಂತೆ ಪಟ್ಟಿ ಉದ್ದವಾಯಿತು. ಮ್ಯಾನೇಜರಿಗೆ ಕಾಗದಗಳ ಅಂಚು ಸೇರಿಸಲು ಅಲ್ಲಿ ಮೇಜೂ ಇರಲಿಲ್ಲ.

ಅಕ್ಕನ ಪತ್ರ ವಾಪಸಾಯಿತು, ಕೋಣೆ ಮುಚ್ಚುವುದೂ ನಿಂತಿತು. ನನ್ನ ಹೆಸರಿಗೆ ಒಂದು ಪತ್ರ ಬಂತು, ಇನ್ನು ಮುಂದೆ ಆ ಕಂಪ್ಯೂಟರಿನಲ್ಲಿ ಅಕ್ಕನ ಒಪ್ಪಿಗೆಯಿಲ್ಲದೆ ಒಂದಕ್ಷರವನ್ನೂ ಬದಲಿಸಕೂಡದು ಎಂದು. ಹದಿನಾಲ್ಕು ಜನರಿಗೂ ನಾನೇ ಫೋನು ಮಾಡಿ ಕ್ಷಮೆ ಕೇಳಿ ಕರೆಸಬೇಕು ಎಂದು.

ಮಾರ್ಚ್ ೨೮, ಗುರುವಾರ

ಕಿವಿ ಕೇಳಿಸದ ಹದಿನಾಲ್ಕು ಜನರಿಗೆ ಫೋನಿನಲ್ಲಿ ಕ್ಷಮೆ ಕೇಳುವುದು ಎಂಥ ಶಿಕ್ಷೆಯೆಂದು ಮ್ಯಾನೇಜರ್ ಯೋಚಿಸಿಯೇ ಕೊಟ್ಟರೋ ಏನೋ. ಇಡೀ ಕೇಂದ್ರಕ್ಕೆ ಕೇಳುವಂತೆ “ತಪ್ಪು ನಂದು” ಎಂದು ಕೂಗಿ ಕೂಗಿ ಗಂಟಲು ಕೆಟ್ಟಿತು. ಒಬ್ಬ ಅಜ್ಜಿ ನಾಲ್ಕು ಸಲ ಏನು ಏನು ಅಂದು, ಐದನೆಯ ಸಲಕ್ಕೆ, ಮೊದಲೇ ಕೇಳಿಸಿತ್ತು ಎಂದು ನಕ್ಕು ಇಟ್ಟರು.

ಅಕ್ಕ ಇನ್ನೂ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾರೆ. ಇವತ್ತು ಮಾವನ ಸರದಿ. ಹುಣ್ಣು ಒಣಗಿದೆ, ಆದರೂ ತಲೆ ಅಲುಗಬಾರದು, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ನನಗೆ ಹೇಳಿದರು. ಹಿಡಿದುಕೊಂಡೆ. ಲೇಪ ಒಳಗೆ ಹೋಗುವಾಗ ಮಾವನ ಕಿವಿಯ ಹಿಂದೆ ನಾಡಿ ಹೊಡೆದುಕೊಳ್ಳುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಹೊರತೆಗೆದ ತುಂಡನ್ನು ಇಡಲು ಅಕ್ಕನಿಗೆ ಡಬ್ಬಿ ಬೇಕಿತ್ತು. ನಾನೇ ನಂಬರ್ ಬರೆದು ಕೊಟ್ಟೆ. ಎಸೆಯುವ ಆದೇಶ ರದ್ದಾಗಿ ಕಪಾಟು ಮತ್ತೆ ಅರ್ಧ ತುಂಬಿದೆ.

ಕಳಿಸುವಾಗ ಟಿಣ್ ಅಂದಿತು. ಅಕ್ಕ ಕನ್ನಡಕ ಹಾಕಿಕೊಂಡು ತಾರೀಖು ಓದಿ, ನನ್ನಿಂದಲೂ ಒಂದು ಸಲ ಓದಿಸಿ, ಆಮೇಲೆ ಒತ್ತಿದರು.

ಏಪ್ರಿಲ್ ೩, ಬುಧವಾರ

ನಿನ್ನೆ ಸಂಜೆ ಮಾವನಿಗೆ ಅಚ್ಚು ಹಾಕಿಸಿಕೊಂಡು ಬಂದೆವು. ಕುಯ್ಯೋ ಅನ್ನಲಿಲ್ಲ. ಬೆಳಿಗ್ಗೆ ನಾನೇ ಕಿವಿ ಒರೆಸಿ ಅದನ್ನು ಕೂರಿಸಿದೆ, ಹೆಬ್ಬೆರಳು ಬೇಕಾಗಲಿಲ್ಲ. ತಿಂಡಿ ತಿನ್ನುವಾಗ ಅಭ್ಯಾಸಬಲದಿಂದ ತೆಗೆದು ತಟ್ಟೆಯ ಪಕ್ಕ ಇಟ್ಟರು, ಒರೆಸಿ ಮತ್ತೆ ಹಾಕಿಕೊಂಡರು. ನಾನು ನೀರು ಬಗ್ಗಿಸುತ್ತಿದ್ದೆ.

ಸ್ವಲ್ಪ ಹೊತ್ತು ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದರು. ಆಮೇಲೆ ನನ್ನನ್ನು ಕರೆದರು.

“ಅಮ್ಮಾ, ಮೆಷಿನ್ ಸರಿ ಇದೆಯಾ ಒಂದು ಸಲ ನೋಡಿಬಿಡು.”

ಏನಾಯಿತು, ಕೇಳಿಸುತ್ತಿಲ್ಲವೇ ಎಂದೆ.

“ಗಡಿಯಾರದ ಸದ್ದು ಕೇಳ್ತಿದೆ, ನಲ್ಲಿ ಕೇಳ್ತಿದೆ. ಮೂರು ವರ್ಷದಿಂದ ದಿನಾ ನಾನು ಇದನ್ನ ಮೇಜಿನ ಮೇಲಿಟ್ಟು ಹಾಕ್ಕೊಳ್ಳೋ ಹೊತ್ತಿಗೆ ನೀನು ಥೂ ಅಂತಿದ್ದೆ. ಇವತ್ತು ಅದೊಂದು ಕೇಳಿಸಲಿಲ್ಲ.”

ತಮಾಷೆ ಮಾಡುತ್ತಿದ್ದಾರೋ ಎಂದು ಮುಖ ನೋಡಿದೆ. ಇಲ್ಲ. ಅವರು ಕಿವಿಯಿಂದ ಮೆಷಿನ್ ತೆಗೆದು, ಪರೀಕ್ಷೆ ಮಾಡಿ ಕೊಡು ಎಂದು ಕೈ ಚಾಚಿ ಕಾಯುತ್ತಿದ್ದರು. ನಾನು ಅಂಗೈ ಒಡ್ಡಿದೆ. ಅದು ಇನ್ನೂ ಬೆಚ್ಚಗಿತ್ತು.